ಕುಲುಮೆ ಕಾಣದ ಕೊಂಡಿ

ಹದಿನಾಲ್ಕನೆಯ ತಾರೀಖು, ಬೆಳಗ್ಗೆ 9.40. ಎತ್ತರದ ಕಟ್ಟಡಗಳ ಗಾಜು ಒರೆಸುವವನ ಹೆಂಡತಿ ಠಾಣೆಗೆ ಬಂದು ದೂರು ಕೊಟ್ಟಳು. ಹಿಂದಿನ ದಿನ, ಅವನು ನಿಂತು ಕೆಲಸ ಮಾಡುವ ತೂಗುತೊಟ್ಟಿಲ ಅಲ್ಯೂಮಿನಿಯಂ ಕೊಂಡಿ ಮುರಿದು, ಗಂಡ ಮೂರನೆಯ ಮಹಡಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವನೇ ಅತಿಭಾರ ಹೇರಿದನೆಂದು ಕೊಂಡಿ ಮಾಡಿದ ಕಾರ್ಖಾನೆ ಆಗಲೇ ಪತ್ರ ಬರೆದಿತ್ತು.

“ಎರಡು ಬಕೆಟ್ ನೀರು ಸಾರ್! ಅದೂ ಭಾರವಂತೆ. ಬಿದ್ದೋರ ತಲೆಗೇ ಕಟ್ತಾರಲ್ಲ, ನಾಚಿಕೆ ಬೇಡ್ವಾ? ನಮ್ಮೆಜಮಾನ್ರದು ತಪ್ಪಿಲ್ಲ ಅಂತ ಬರ್ಕೊಡಿ, ಸಾಕು.”

FIR ದಾಖಲಾಯಿತು. ಇನ್‌ಸ್ಪೆಕ್ಟರ್ ಸ್ಥಳದಲ್ಲೇ ಪಂಚನಾಮೆ ಮಾಡಿ, ಮುರಿದ ಎರಡೂ ತುಂಡುಗಳಿಗೆ ಮೊಹರು ಹಾಕಿಸಿದರು.

ಹದಿನಾರರಂದು ಲೋಹ ಪರೀಕ್ಷಕಿ ಇನ್‌ಸ್ಪೆಕ್ಟರ್ ಕೈಗೆ ಭೂತಗನ್ನಡಿ ಕೊಟ್ಟಳು. “ಗೆರೆ ನೋಡಿ. ಒಂದೇ ಏಟಿಗೆ ಮುರಿದದ್ದಲ್ಲ, ದಿನಾ ಚೂರುಚೂರೇ ಬಿರುಕು ಬೆಳೆದಿದೆ.”

“ಹೊಸ ಕೊಂಡಿಯಲ್ವಾ?”

“ಲೋಹದ ಪುಡಿ ಕರಗಿಸಿ ಪದರಪದರವಾಗಿ ಯಂತ್ರ ಕಟ್ಟಿದ್ದು, 3D ಪ್ರಿಂಟಿಂಗ್ ಅಂತಾರೆ. ಆರುವಾಗ ಒಂದೊಂದು ಪದರವೂ ಕೆಳಗಿನದನ್ನ ಜಗ್ಗುತ್ತೆ, ಆ ಬಿಗಿತ ಒಳಗೇ ಉಳಿಯುತ್ತೆ. ತಳದ ತಟ್ಟೆಯಿಂದ ಬಿಡಿಸೋ ಮೊದಲು ಕುಲುಮೆಯಲ್ಲಿ ಕಾಯಿಸಿ ಆ ಬಿಗಿತ ಇಳಿಸಬೇಕು. ಇದನ್ನ ಹಾಗೇ ಕೊಯ್ದಿದ್ದಾರೆ. ಸೊಟ್ಟಗಾಗಿದೆ, ಇಕ್ಕಳಕ್ಕೆ ಸಿಕ್ಕಿಸಿ ನೆಟ್ಟಗೆ ಮಾಡಿದ್ದಾರೆ. ಹಲ್ಲಿನ ಗುರುತು ಇಲ್ಲಿದೆ, ಬಿರುಕು ಶುರುವಾದದ್ದೂ ಇಲ್ಲೇ.”

ಮಧ್ಯಾಹ್ನ 2.15ಕ್ಕೆ ಕಾರ್ಖಾನೆ. ವರ್ಕ್‌ಶಾಪಿನ ಮುಖ್ಯಸ್ಥ ಮಾಲೀಕರ ಅಳಿಯ. ರಿಜಿಸ್ಟರಿನಲ್ಲಿ ಹೋದ ತಿಂಗಳ ಎರಡನೆಯ ತಾರೀಖಿನ ಎದುರು ಅವನದೇ ಅಕ್ಷರ: ‘ಹನ್ನೆರಡು ಕೊಂಡಿ, ಕುಲುಮೆಯಲ್ಲಿ ಎರಡು ಗಂಟೆ.’

ಹೆಡ್ ಕಾನ್‌ಸ್ಟೇಬಲ್ ಕುಲುಮೆಯ ಬೆನ್ನಿಗೆ ಅಂಟಿಸಿದ್ದ ರಿಪೇರಿ ಚೀಟಿ ಓದಿದ. ಕುಲುಮೆ ಕಾಯಿಸುವ ಕಾಯಿಲ್ ಸುಟ್ಟದ್ದು ಆ ಎರಡನೆಯ ತಾರೀಖಿನ ಹಿಂದಿನ ವಾರ, ಹೊಸದು ಹಾಕಿದ್ದು ಆರರಂದು.

“ಇಸ್ತ್ರಿಪೆಟ್ಟಿಗೆ ಸುಟ್ಟುಹೋದ್ರೂ ನಿಮ್ಮ ಬಟ್ಟೆ ಗರಿಗರಿ ಅನ್ನಿ!”

ಅಳಿಯ ರಿಜಿಸ್ಟರ್ ಮುಚ್ಚಿದ.

“ಉಳಿದ ಹನ್ನೊಂದು ಎಲ್ಲಿ?” ಇನ್‌ಸ್ಪೆಕ್ಟರ್ ಕೇಳಿದರು.

“ಬೇರೆ ತೊಟ್ಟಿಲುಗಳಲ್ಲಿ…”

“ಗೊತ್ತಿದ್ದೂ ಮೂರು ದಿನ ಸುಮ್ಮನಿದ್ಯಾ? ಮನುಷ್ಯನೇನಯ್ಯಾ ನೀನು?”

ಮೊದಲು ಆ ಹನ್ನೊಂದು ಕೊಂಡಿಗಳಿದ್ದ ತೊಟ್ಟಿಲುಗಳನ್ನೆಲ್ಲ ಕೆಳಗಿಳಿಸಿದ ಸುದ್ದಿ ಬಂತು. ಆಮೇಲೆ, 4.50ಕ್ಕೆ ಅವನನ್ನು ಬಂಧಿಸಲಾಯಿತು. ಅತಿಭಾರದ ಮಾತು ಸುಳ್ಳೆಂದು ಬರೆದ ವರದಿಯ ಪ್ರತಿಯನ್ನು ಹೆಡ್ ಕಾನ್‌ಸ್ಟೇಬಲ್ ಆಸ್ಪತ್ರೆಗೇ ಒಯ್ದು ಗಾಜು ಒರೆಸುವವನ ಹೆಂಡತಿಯ ಕೈಗಿಟ್ಟ.

ಅಳಿಯನ ಹೇಳಿಕೆ ಚಿಕ್ಕದು. ಪದರ ಕಟ್ಟುವ ಆ ಯಂತ್ರ ತರಿಸಿದ್ದು ಅವನ ಹಟದಿಂದ. ಅದರ ಕೆಲಸ ಕೆಟ್ಟು ನಿಂತಾಗಲೆಲ್ಲ ಮಾವ ಊಟದ ಮೇಜಿನಲ್ಲಿ, ಎಲ್ಲರೆದುರು, “ಅಳಿಯಂದಿರ ಆಟಿಕೆ ಮತ್ತೆ ಮಲಗ್ತಾ?” ಎಂದು ನಗುತ್ತಿದ್ದರು. ಅದಕ್ಕೇ ಕುಲುಮೆಯ ಕಾಯಿಲ್ ಸುಟ್ಟದ್ದನ್ನು ಅವನು ಮಾವನಿಗೆ ಹೇಳದೆ, ಕೊಂಡಿಗಳನ್ನು ಕಾಯಿಸದೆಯೇ ಕಳಿಸಿದ.