‘ಬರಬೇ—’ ಆದಮೇಲೆ ಏನು?

ಕಳುವಾದದ್ದು ಒಂದೇ ಒಂದು ಅಕ್ಷರ. ಶುಕ್ರವಾರ ಸಂಜೆ ಆರು ಗಂಟೆಗೆ, ಅಡುಗೆಮನೆಯಲ್ಲಿ, ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದ ಫೋನಿನಿಂದ, ಗುಬ್ಬಿಯ ಕಣ್ಣೆದುರಿಗೇ.

“ಗುಬ್ಬಿ, ಈ ಸಲದ ರಜೆಗೆ ನೀನು ಬರಬೇ—” ಎಂದಿತ್ತು ಅಕ್ಕನ ದನಿ.

ಆಮೇಲೆ ನಿಶ್ಶಬ್ದ.

“ಏನಕ್ಕಾ? ಬರಬೇಕಾ, ಬರಬೇಡ್ವಾ? ಅಕ್ಕಾ?”

“ಲೈನ್ ಸರಿ ಇಲ್ಲ ಕಣೇ—”

ಕರೆ ಕಡಿದುಹೋಯಿತು. ಗುಬ್ಬಿ ಹಲ್ಲು ಕಚ್ಚಿಕೊಂಡು ಸಂದೇಶ ಬರೆದಳು: ಬರಬೇಕೋ, ಬೇಡವೋ? ಹತ್ತು ನಿಮಿಷ ಬಿಟ್ಟು ಉತ್ತರ ಬಂತು: ‘ನಿನ್ನಿಷ್ಟ’. ಇಡೀ ಕನ್ನಡದಲ್ಲಿ ಮನುಷ್ಯರ ಮೈ ಉರಿಸಲೆಂದೇ ಹುಟ್ಟಿದ ಮಾತು ಯಾವುದಾದರೂ ಇದ್ದರೆ ಅದು ಇದೇ ಎಂದು ಅವಳಿಗೆ ಅನ್ನಿಸಿತು.

ಗುಬ್ಬಿ ಎಂಬುದು ಅಕ್ಕ ಇಟ್ಟ ಹೆಸರು. ಅಮ್ಮ ಹೋದಮೇಲೆ ತಲೆ ಬಾಚಿ, ಜಡೆ ಹಾಕಿ ಶಾಲೆಗೆ ಕಳಿಸಿದವಳು ಆ ಅಕ್ಕನೇ. ಈಗ ಗುಬ್ಬಿಗೆ ಮೂವತ್ತೆಂಟು. ಗಂಡನೊಂದಿಗೆ ಪರದೇಶಕ್ಕೆ ಬಂದು ಆರು ವರ್ಷವಾಗಿದೆ. ಹಲ್ಲಿನ ಸೆಟ್ಟು ತಯಾರಿಸುವ ಕಾರ್ಯಾಗಾರದಲ್ಲಿ ಮೇಣಕ್ಕೆ ಹಲ್ಲು ಕೂರಿಸುವ ಕೆಲಸ. ಅಲ್ಲಿನ ಗೋಡೆಗೆ ರಜೆಯ ಪಟ್ಟಿ ಅಂಟಿಸಿದ್ದರು. ಸೋಮವಾರ ಬೆಳಿಗ್ಗೆ ಮೇಲ್ವಿಚಾರಕಿ ಅದನ್ನು ಕಿತ್ತುಕೊಂಡು ಹೋಗುತ್ತಾಳೆ. ಅಷ್ಟರೊಳಗೆ ಹೆಸರು ಬರೆಯದಿದ್ದರೆ ಇನ್ನೊಂದು ವರ್ಷ ಊರಿನ ಮಾತೆತ್ತುವಂತಿಲ್ಲ.

ಬೇಡವೆಂದರೆ ಬೇಡ. ಆದರೆ ಅಕ್ಕನೇ ಯಾಕೆ ಬೇಡವೆನ್ನಬೇಕು? ತಾನೇನು ತಪ್ಪು ಮಾಡಿದೆ?

ನಿಜ ಹೇಳಬೇಕೆಂದರೆ ಈ ಕಳ್ಳತನ ಎರಡು ತಿಂಗಳಿಂದ ನಡೆದೇ ಇತ್ತು. ಅಕ್ಕ ಮಾತು ಶುರು ಮಾಡಿದರೆ ಸ್ಪಷ್ಟ, ಮುಗಿಸುವಾಗ ಮಾಯ. ಗುಬ್ಬಿ ವೈಫೈ ಪೆಟ್ಟಿಗೆ ಬದಲಾಯಿಸಿದಳು. ಕಿಟಕಿಯ ಹತ್ತಿರ, ಬಾಗಿಲ ಹತ್ತಿರ, ಒಮ್ಮೆ ಸ್ನಾನದ ಮನೆಯಲ್ಲೂ ನಿಂತು ಮಾತಾಡಿದಳು. ಇಂಟರ್‌ನೆಟ್ ಕಂಪನಿಯವರಿಗೆ ಒಂಬತ್ತು ಸಲ ದೂರು ಕೊಟ್ಟಳು. ಒಂಬತ್ತು ಸಲವೂ ಅವರು “ಒಮ್ಮೆ ಆಫ್ ಮಾಡಿ ಆನ್ ಮಾಡಿ” ಎಂದರು. ಆ ಕೋಪದಲ್ಲಿ ಕಳೆದ ವಾರ ಯಾರದೋ ದವಡೆ ಹಲ್ಲನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಬೈಸಿಕೊಂಡಿದ್ದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೆಳಗಿನ ಮನೆಯ ಲೈನ್‌ಮನ್ ಮಾವ ಮೆಟ್ಟಿಲು ಹತ್ತಿ ಬಂದರು. ಊರಿನಲ್ಲಿ ಮೂವತ್ತನಾಲ್ಕು ವರ್ಷ ಟೆಲಿಫೋನ್ ಕಂಬ ಹತ್ತಿದವರು. ಈಗ ಮಗಳ ಮನೆಯಲ್ಲಿ ಹತ್ತಲು ಕಂಬವಿಲ್ಲದೆ ಕಾಲಹರಣ ಮಾಡುತ್ತಿದ್ದರು. ಮೇಲಿನ ಮನೆಯಲ್ಲಿ ‘ಲೈನ್’ ಎಂಬ ಶಬ್ದ ಕೇಳಿಸಿತೆಂದರೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

“ಯಾರ ಮೇಲಮ್ಮಾ ಅನುಮಾನ?” ಎಂದರು ಕುರ್ಚಿ ಎಳೆದುಕೊಂಡು.

“ಇವರ ಮೇಲೆ.” ಗುಬ್ಬಿ ಗಂಡನತ್ತ ಬೆರಳು ತೋರಿದಳು. “ಮೂರು ಹೊತ್ತೂ ಮ್ಯಾಚು. ಇಂಟರ್‌ನೆಟ್ಟೆಲ್ಲಾ ಇವರೇ ಕುಡಿದುಬಿಡ್ತಾರೆ.”

“ಅಯ್ಯೋ, ನಿನ್ನೆ ಆರು ಗಂಟೆಗೆ ನಾನು ಬಸ್ಸಲ್ಲಿದ್ದೆ ಮಾವ!” ಗಂಡ ಕೈ ಮೇಲೆತ್ತಿದ. “ಒಂದು ತಿಂಗಳಿಂದ ಮನೇಲಿ ಟಿವಿ ಹಾಕೋಕೆ ಅಪ್ಪಣೆ ಇಲ್ಲ. ಆದ್ರೂ ಅಪರಾಧಿ ನಾನೇ.”

“ಸುಮ್ನಿರಪ್ಪ, ನಿನ್ನ ಸರದಿ ಬಂದಾಗ ಕೇಳ್ತೀನಿ.”

ಮಾವ ಕೆಳಗಿಳಿದು ಹೋಗಿ ಅಲ್ಲಿಂದಲೇ ಗುಬ್ಬಿಗೆ ಇಂಟರ್‌ನೆಟ್ ಕರೆ ಮಾಡಿದರು. ಕಾಲು ಗಂಟೆ ಮಾತಾಡಿದರು. ಮೊಮ್ಮಗಳ ಸೈಕಲ್ಲು, ತಮ್ಮ ಮಂಡಿನೋವು, ಯಾವುದೂ ತಪ್ಪಲಿಲ್ಲ. ಒಂದಕ್ಷರವೂ ಬಿಟ್ಟುಹೋಗಲಿಲ್ಲ.

“ಈ ಮನೆಯ ವೈಫೈ ನಿರಪರಾಧಿ,” ಎಂದರು ಮತ್ತೆ ಮೇಲೆ ಬಂದು, ಏದುಸಿರು ಬಿಡುತ್ತಾ. “ಗಂಡನೂ ನಿರಪರಾಧಿ. ಪಾಪ, ಅವನ ಮ್ಯಾಚು ಅವನಿಗೆ ಕೊಟ್ಟುಬಿಡಮ್ಮ.”

“ಹಾಗಾದ್ರೆ ತಪ್ಪು ಅಕ್ಕನ ಕಡೆ ಲೈನಿಂದು.”

“ಆ ಫೋನಲ್ಲಿ ಬೇರೆ ಯಾರಾದ್ರೂ ಮಾತಾಡಿದ್ರಾ?”

“ಅವಳ ಮಗಳು. ನಿನ್ನೆ ಮೊದಲು ಅವಳೇ ಎತ್ತಿದ್ದು. ‘ಚಿಕ್ಕಮ್ಮಾ, ಏನಿದ್ರೂ ಅಮ್ಮನ ಹತ್ರಾನೇ ಕೇಳು’ ಅಂತ ಕೊಟ್ಟುಬಿಟ್ಲು.”

“ಅವಳ ಮಾತು ಪೂರ್ತಿ ಕೇಳಿಸ್ತಾ?”

“ಹೂಂ... ಪೂರ್ತಿ.”

“ಅದೇ ಫೋನು. ಅದೇ ಜಾಗ. ಅದೇ ಲೈನು?”

“ಹೌದು.”

“ಮಗಳದು ಕೇಳಿಸುತ್ತೆ, ಅಮ್ಮಂದು ಕೇಳಿಸಲ್ಲ. ಯಾವ ಲೈನಮ್ಮಾ ಆಳು ನೋಡಿ ಕೆಡುತ್ತೆ?”

ಗುಬ್ಬಿ ತಲೆ ಕೆರೆದುಕೊಂಡಳು. ಎರಡು ತಿಂಗಳಿಂದ ಇದು ತನಗೆ ಯಾಕೆ ಹೊಳೆಯಲಿಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

“ಅಕ್ಕನ ಮನೇಲಿ ಫ್ಯಾನ್ ಇದೆಯಾ?”

“ಇದೆ. ಅದರ ಗಡಗಡ ಸದ್ದಿಗೆ ಮೊದಲೆಲ್ಲಾ ನಾನು ಬೈತಿದ್ದೆ. ಈಗ—” ಅವಳು ನಿಂತಳು. “ಈಗ ಕೇಳಿಸಲ್ಲ.”

“ಎಷ್ಟು ದಿನದಿಂದ?”

“ಎರಡು ತಿಂಗಳು... ಇರಬಹುದು.”

“ಕುಕ್ಕರ್ ಸೀಟಿ? ಬೀದಿಯ ಹಾರ್ನು?”

“ಏನೂ ಇಲ್ಲ. ಬಾವಿಯೊಳಗಿಂದ ಮಾತಾಡಿದ ಹಾಗೆ.”

ಮಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. “ಲೈನ್ ಸರಿ ಇಲ್ಲ ಅಂತ ಮೊದಲು ಹೇಳೋದು ಯಾರು? ನೀನಾ, ಅಕ್ಕನಾ?”

“ಅಕ್ಕ. ಯಾವಾಗ್ಲೂ ಅಕ್ಕನೇ.”

“ವಾಯ್ಸ್ ಮೆಸೇಜ್ ಕಳಿಸ್ತಾರಾ?”

“ದಿನಾ ಕಳಿಸ್ತಾಳೆ ಮಾವ! ಮೇಷ್ಟ್ರಮ್ಮ ಅಲ್ವಾ, ಬರೆಯೋದು ಅಂದ್ರೆ ಬೇಜಾರು. ನೋಡಿ ಬೇಕಾದ್ರೆ.” ಗುಬ್ಬಿ ಫೋನ್ ತೆಗೆದು ಬೆರಳಾಡಿಸಿದಳು. ಈ ವಾರ ಇರಲಿಲ್ಲ. ಕಳೆದ ವಾರವೂ ಇರಲಿಲ್ಲ. ಎಲ್ಲಾ ಬರೆದದ್ದು, ಚುಟುಕು ಚುಟುಕು: ಊಟ ಆಯ್ತು. ಸ್ಕೂಲಿಗೆ ಹೊರಟೆ. ನಿನ್ನಿಷ್ಟ. ಅವಳ ಬೆರಳು ಮೇಲೆ ಮೇಲೆ ಹೋಗಿ ಎರಡು ತಿಂಗಳ ಹಿಂದಿನ ಒಂದು ಧ್ವನಿ ಸಂದೇಶದ ಹತ್ತಿರ ನಿಂತಿತು. ಒತ್ತಿದಳು.

“ಯಾಕೋ ಗಂಟಲು ಕಟ್ಟಿದೆ ಕಣೇ, ಇಡೀ ದಿನ ಪಾಠ ಮಾಡಿ—” ಎನ್ನುತ್ತಿತ್ತು ಗೊರಗೊರ ದನಿ. ಕೊನೆಯಲ್ಲಿ ಕೆಮ್ಮು.

ಗುಬ್ಬಿ ಅದನ್ನೇ ಇನ್ನೊಮ್ಮೆ ಒತ್ತಿ ಕೇಳಿದಳು.

“ನೀನು ಗಮನಿಸದೇ ಬಿಟ್ಟ ಸುಳಿವು ಇದೇ ನೋಡಮ್ಮ,” ಎಂದರು ಮಾವ. “ಎರಡು ತಿಂಗಳು ನೀನು ಕೇಳಿಸದೇ ಇದ್ದ ಮಾತನ್ನ ಹುಡುಕಿದೆ. ಬರದೇ ಇದ್ದ ಮೆಸೇಜನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ. ಕರೆ ಮಾಡೋ ಆ್ಯಪಲ್ಲಿ ಒಂದು ಜರಡಿ ಇರುತ್ತೆ. ಹಿನ್ನೆಲೆ ಸದ್ದು ಅಳಿಸು ಅಂತ. ಗೊತ್ತಾ?”

“ಗೊತ್ತು. ಅಕ್ಕ ಫೋನಲ್ಲಿ ಪಾಠ ಮಾಡ್ತಿದ್ದಾಗ ಮಗಳೇ ತೋರಿಸಿಕೊಟ್ಟಿದ್ಲು.”

“ಅದಕ್ಕೆ ಫ್ಯಾನಿನ ಸದ್ದು ಯಾವುದು, ಒಡೆದ ದನಿ ಯಾವುದು ಅಂತ ಸರಿಯಾಗಿ ತಿಳಿಯಲ್ಲ. ಉಸಿರೇ ಜಾಸ್ತಿ ಇರೋ ದನಿ ಬಂದ್ರೆ ಅದನ್ನೂ ಕಸ ಅಂತ ಗುಡಿಸಿಬಿಡುತ್ತೆ. ಮಗಳದು ಗಟ್ಟಿ ದನಿ, ಜರಡಿ ದಾಟುತ್ತೆ. ಅಕ್ಕಂದು ಮಾತಿನ ಶುರುವಲ್ಲಿ ದಾಟುತ್ತೆ, ಕೊನೇಲಿ ಉಸಿರು ತಗ್ಗಿದಾಗ ಸಿಕ್ಕಿಹಾಕ್ಕೊಳ್ಳುತ್ತೆ. ನಮ್ಮ ಭಾಷೇಲೋ, ಬೇಕು ಬೇಡ ಎರಡೂ ಇರೋದು ಕೊನೇಲೇ.”

“ಅಂದ್ರೆ ಕಳ್ಳ ಆ ಜರಡಿ!”

“ಜರಡಿ ಬರೀ ಆಯುಧ ಕಣಮ್ಮ. ಅದನ್ನ ಎರಡು ತಿಂಗಳ ಹಿಂದೆ ಹಾಕಿದ ಕೈ ಯಾವುದು? ವಾಯ್ಸ್ ಮೆಸೇಜಲ್ಲಿ ಜರಡಿ ಇಲ್ಲ, ದನಿ ಇದ್ದ ಹಾಗೇ ಬರುತ್ತೆ. ಅದಕ್ಕೇ ಅದನ್ನ ನಿಲ್ಲಿಸಿದ್ರು. ಮಾತು ತುಂಡಾದ್ರೆ ಎಲ್ಲರೂ ಲೈನನ್ನ ಬೈತಾರೆ, ಗಂಟಲು ಹೇಗಿದೆ ಅಂತ ಯಾರು ಕೇಳ್ತಾರೆ?” ಮಾವ ಕನ್ನಡಕ ಹಾಕಿಕೊಂಡರು. “ಅಪರಾಧಿ ನಿಮ್ಮಕ್ಕ.”

ಗುಬ್ಬಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಸಿಟ್ಟೇ ಮುಂದೆ ನಿಂತಿತು. “ಒಂಬತ್ತು ಸಲ ದೂರು ಕೊಟ್ಟೆ ಮಾವ! ಸ್ನಾನದ ಮನೇಲಿ ನಿಂತೆ! ನನ್ನ ಹತ್ರ ಮುಚ್ಚಿಡ್ತಾಳಾ?” ಎನ್ನುತ್ತಲೇ ಅವಳ ಹೆಬ್ಬೆರಳುಗಳು ಬರೆಯತೊಡಗಿದ್ದವು: ಅಕ್ಕ, ಆ ಸದ್ದು ಅಳಿಸೋದನ್ನ ತೆಗೆದು ಕರೆ ಮಾಡು. ಗಂಟಲಿಗೆ ಏನಾಗಿದೆ ಅಂತ ಹೇಳು.

ಅಕ್ಕ ಓದಿದ್ದು ಕಾಣಿಸಿತು. ಏನೋ ಬರೆಯುತ್ತಿದ್ದುದು ಕಾಣಿಸಿತು, ನಿಂತಿತು, ಮತ್ತೆ ಬರೆಯುತ್ತಿದ್ದುದು ಕಾಣಿಸಿತು. ಏನೂ ಬರಲಿಲ್ಲ. ಗಂಡ ಎದ್ದು ಹೋಗಿ ಮೂರು ಲೋಟ ಚಹಾ ತಂದಿಟ್ಟ. ಯಾರೂ ಮುಟ್ಟಲಿಲ್ಲ.

ಫೋನ್ ಹೊಡೆದುಕೊಂಡಿತು.

ಮೊದಲು ಕೇಳಿಸಿದ್ದು ಫ್ಯಾನು, ಗಡಗಡಗಡ. ಹಿಂದೆಯೇ ಒಂದು ದನಿ. ಸವೆದು, ಹರಿದು, ಮುಕ್ಕಾಲು ಪಾಲು ಉಸಿರೇ ಆಗಿತ್ತು.

“ಬೈಬೇಡ ಕಣೇ.”

“ಏನಾಗಿದೆಯಕ್ಕಾ?”

“ಒಂದು ಗಂಟು. ಮುಂದಿನ ತಿಂಗಳು ತೆಗೀತಾರೆ. ತೆಗೆದು ಪರೀಕ್ಷೆ ಮಾಡಿದ ಮೇಲೇನೆ ಏನು ಎತ್ತ ಗೊತ್ತಾಗೋದು. ಆಮೇಲೆ ದನಿ ಹೇಗಿರುತ್ತೋ ಅವರೂ ಹೇಳ್ತಿಲ್ಲ.” ಅಕ್ಕ ಉಸಿರೆಳೆದುಕೊಂಡಳು. “ಹೇಳಿದ್ರೆ ನೀನು ಕೆಲಸ ಬಿಟ್ಟು ಓಡಿ ಬರ್ತೀಯ. ಬಾವ ಕಾಲು ಮುರ್ಕೊಂಡಾಗ ಬಂದಿರಲಿಲ್ವಾ? ಹೊಸದಾಗಿ ಕೆಲಸ ಸಿಗೋಕೆ ಒಂದು ವರ್ಷ ಹಿಡೀತು ನಿಂಗೆ.”

“ಅದು ನನ್ನ ತಲೆನೋವು. ನಿನ್ನೆ ಏನಂದೆ? ಬರಬೇಕು ಅಂದ್ಯಾ, ಬರಬೇಡ ಅಂದ್ಯಾ? ನಿನ್ನ ಆ ಸದ್ದು ಅಳಿಸೋ ಜರಡಿ ನುಂಗಿಬಿಡ್ತು.”

ಆ ಕಡೆ ಫ್ಯಾನು ತಿರುಗುತ್ತಿತ್ತು.

“ಜರಡಿ ಏನೂ ನುಂಗಿಲ್ಲ ಗುಬ್ಬಿ. ಬರಬೇಡ ಅಂತ ಹೇಳೋಣ ಅಂತಾನೇ ಬಾಯಿ ತೆಗೆದೆ. ‘ಬರಬೇ’ ತನಕ ಬಂತು. ಮುಂದಿಂದು ಹೇಳೋಕಾಗ್ಲಿಲ್ಲ.”

ಲೈನ್‌ಮನ್ ಮಾವ ಮೆಲ್ಲನೆ ಕುರ್ಚಿ ಸರಿಸಿ ಎದ್ದರು. ಗುಬ್ಬಿಯ ಗಂಡನ ತೋಳು ಹಿಡಿದು ಅವನನ್ನೂ ಹೊರಗೆ ಕರೆದುಕೊಂಡು ಹೋದರು. ಗುಬ್ಬಿ ಫೋನನ್ನು ಕಿವಿಗೆ ಒತ್ತಿಕೊಂಡಳು.

“ಈಗ ಹೇಳು ಮತ್ತೆ.”

“ಏನು ಹೇಳಲಿ?”

“ನಿಂಗೆ ಏನು ಬೇಕೋ ಅದು. ಪೂರ್ತಿ ಹೇಳು.”

ಅಕ್ಕ ಕೆಮ್ಮಿದಳು, ಗಂಟಲು ಸರಿ ಮಾಡಿಕೊಳ್ಳಲು ನೋಡಿದಳು, ಅದು ಸರಿಯಾಗಲಿಲ್ಲ.

“ಬಾರೇ,” ಎಂದಳು.

ಎರಡೇ ಅಕ್ಷರ. ಎರಡೂ ಕೇಳಿಸಿದವು.