ನಡುಗಡ್ಡೆಯ ಕಾಗೆ

"ಹುಶ್! ಹೋಗಲೇ! ಹೋಗಂದ್ರ ಹೋಗು!"

ಜಡೆಮ್ಮ ಒಂದು ಹಿಡಿ ಮರಳು ಎರಚಿದಳು. ಕಾಗೆ ಹಾರಿ ಮೇಲಿನ ಕೊಂಬೆಯಲ್ಲಿ ಕೂತಿತು. ಹೋಗಲಿಲ್ಲ. ಎಂಥ ಮೊಂಡ ಕಾಗೆ ಅಂತೀರಿ! ಬಳ್ಳಾರಿ ಕಾಗೆಗಳಿಗೆ ಕುತ್ತಿಗೆಯಾದರೂ ಬೂದಿ ಬಣ್ಣ. ಇದು ಕೊಕ್ಕಿನಿಂದ ಬಾಲದ ತನಕ ಕರ್ರಗೆ.

ಅವಳ ಮುಂದಿನ ಬಂಡೆಯ ಮೇಲೆ ಒಂದು ಅಗಲವಾದ ಎಲೆ ಇತ್ತು. ಎಲೆಯಲ್ಲಿ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಚೂರು ಬೆಲ್ಲ.

"ಜಡೀ, ಕಾಗಿ ಜೋಡಿ ಏನಲೇ ಜಗಳ?" ಗೆಳತಿ ಗಿಡ್ಡಮ್ಮ ಓಡಿ ಬಂದಳು. ಇಬ್ಬರದೂ ಒಂದೇ ಸಾಲಿ, ಒಂದೇ ಕ್ಲಾಸು. "ಟೀಚರ್ ಲೈಟ್‌ಹೌಸ್ ನೋಡಾಕ ಕರ್ಕೊಂಡು ಹೊಂಟಾರ. ಕಾಡಿನ ನಡುವ ಸಿಹಿ ನೀರಿನ ಬಾವಿ ಐತಂತ! ಸುತ್ತ ಉಪ್ಪು ನೀರು, ಒಳಗ ಸಿಹಿ ನೀರು! ದೇವುಡಾ!"

"ನೀ ಹೋಗು. ನಾ ಬರಂಗಿಲ್ಲ."

"ಹುಚ್ಚಿ! ನಾಳಿ ಟೆಂಟ್ ಕೀಳ್ತಾರ. ಮತ್ತ ನೋಡಾಕ ಸಿಗ್ತೈತೇನು?"

ವಿರೂಪಮ್ಮ ಟೀಚರ್ ಹಿಂದಿನಿಂದ ಬಂದು ಎಲೆಯನ್ನು ನೋಡಿದರು. ಅವರಿಗೆ ವಿಷಯ ಗೊತ್ತಿತ್ತು. "ಅಕಿನ್ನ ಬಿಡು ಗಿಡ್ಡಿ. ಅಡಿಗಿಯವ್ರು ಇಲ್ಲೇ ಅದಾರ, ನೋಡ್ಕೊಂತಾರ" ಎಂದು ಗಿಡ್ಡಮ್ಮನ ಕೈ ಹಿಡಿದುಕೊಂಡು ಹೋದರು.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ಗರ್ಲ್ ಗೈಡ್ಸ್ ಕ್ಯಾಂಪಿಗೆ ಅಂತ ಹುಡುಗಿಯರು ಹುಬ್ಬಳ್ಳಿಗೆ ರೈಲು, ಕಾರವಾರಕ್ಕೆ ಬಸ್ಸು, ಆಮೇಲೆ ದೋಣಿ ಹತ್ತಿ ಈ ನಡುಗಡ್ಡೆಗೆ ಬಂದಿದ್ದರು. ಎಲ್ಲಿ ನೋಡಿದರೂ ಕಾಡು. ಬೋಳು ಗುಡ್ಡಗಳನ್ನೇ ನೋಡಿ ಬೆಳೆದವರು ಬಾಯಿ ಬಿಟ್ಟುಕೊಂಡು ನಿಂತರು. ಜಡೆಮ್ಮ ಮಾತ್ರ ಸಮುದ್ರದ ಕಡೆ ಮುಖ ತಿರುಗಿಸಿರಲಿಲ್ಲ. ಅದರ ಮೇಲೆ ಅವಳಿಗೆ ಸಿಟ್ಟಿತ್ತು.

ಯಾಕೆ ಅಂದರೆ, ಅವಳಪ್ಪ ಸುಂಕಣ್ಣನನ್ನು ಅದು ತಿರುಗಿ ಕಳಿಸಿರಲಿಲ್ಲ. ಹತ್ತಿ ಮೂಟೆ ಹೇರುವ ಕೆಲಸಕ್ಕೆ ಅವನು ಕಾರವಾರಕ್ಕೆ ಬಂದಿದ್ದ. ಮೂಟೆಗಳ ಜೊತೆ ಹಡಗು ಹತ್ತಿದ. ಬಿರುಗಾಳಿ ಎದ್ದು ಹಡಗು ಮುಳುಗಿತು. ಬೇರೆಯವರ ಹೆಣ ದಂಡೆಗೆ ಬಂತು, ಅಪ್ಪನದು ಬರಲಿಲ್ಲ. ಆಗ ಜಡೆಮ್ಮ ಇನ್ನೂ ಒಂದನೇ ಕ್ಲಾಸು.

ಪ್ರತಿ ವರ್ಷ ಪಿತೃಪಕ್ಷ ಬಂತೆಂದರೆ ಸಿರುಗುಪ್ಪದಿಂದ ಅಜ್ಜಿ ಮಾರೆಮ್ಮ ಬರುತ್ತಿದ್ದಳು. "ನನ್ನ ಮಗ ಉಪವಾಸ ಅದಾನ. ಅವಗ ಎಡಿ ಇಡೋಣು" ಎಂದು ಅಳುತ್ತಿದ್ದಳು.

"ಸತ್ತಿದ್ದು ನೋಡ್ದೋರು ಯಾರು?" ಅವ್ವ ಈರಮ್ಮ ಕೂಗುತ್ತಿದ್ದಳು. "ಇರೋ ಮನುಷ್ಯಾಗ ಎಡಿ ಇಡ್ತಾರೇನು?" ಕೂಗಿ, ಗಲ್ ಗಲ್ ಎಂದು ಹಸಿರು ಬಳೆ ಸದ್ದು ಮಾಡುತ್ತ ರೊಟ್ಟಿ ಬಡಿಯುತ್ತಿದ್ದಳು. ದಿನಾ ಮೊದಲ ರೊಟ್ಟಿ ಅಪ್ಪನಿಗೆ ಅಂತ ಮುಚ್ಚಿಡುತ್ತಿದ್ದಳು.

ಈ ವರ್ಷ ಬಂದಾಗ ಕ್ಯಾಂಪಿನ ಸುದ್ದಿ ತಿಳಿದು ಅಜ್ಜಿ ಈ ಬುತ್ತಿ ಕಟ್ಟಿದಳು. "ಅವ ಹೋದ ಕಡಲ ದಂಡ್ಯಾಗ ಇಡವಾ. ಕಾಗಿ ಮುಟ್ಟಿದ್ರ ನನ್ನ ಮಗ ಉಂಡಂಗ."

ಅವ್ವ ಈ ಸಲ ಜಗಳ ಆಡಲಿಲ್ಲ. "ಇಡು. ಇರೋರ ಎಡಿ ಕಾಗಿ ಮುಟ್ಟಂಗಿಲ್ಲ. ನೋಡಿ ಬಂದು ಖರೇ ಹೇಳು" ಎಂದಳು.

"ಮುಟ್ಟಿದ್ರ?"

ಅವ್ವ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡಳು. "ಮುಟ್ಟಂಗಿಲ್ಲ ಅಂದ್ನೆಲ್ಲ."

ಅದಕ್ಕೇ ಈ ಕಾಗೆ ಮುಟ್ಟಬಾರದು. ಮುಟ್ಟಿದರೆ ಅಪ್ಪ ಇಲ್ಲ, ಅವ್ವನ ಕೈಯಲ್ಲಿ ಬಳೆಯೂ ಇಲ್ಲ. ಮುಟ್ಟದಿದ್ದರೆ ಅಪ್ಪ ಎಲ್ಲೋ ಇದ್ದಾನೆ, ಇವತ್ತಲ್ಲ ನಾಳೆ ಬರುತ್ತಾನೆ.

ಕಾಗೆ ಮತ್ತೆ ಇಳಿಯಿತು. ಜಡೆಮ್ಮ ಕಲ್ಲು ಬೀಸಿದಳು. ಕಲ್ಲು ರೆಕ್ಕೆಗೆ ತಾಗಿತು. "ಕ್ರಾ" ಎಂದು ಕಾಗೆ ದೂರ ಹಾರಿ ಕೂತಿತು. ಪಾಪ, ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತಿತ್ತು. ಆದರೂ ಕಣ್ಣು ಎಲೆಯ ಮೇಲೇ.

ಜಡೆಮ್ಮನಿಗೆ ಅಪ್ಪ ನೆನಪಾದ. ಕೆಲಸದಿಂದ ಬಂದವನು ಕಾಲೂ ತೊಳೆಯದೆ, "ಈರೀ, ಹೊಟ್ಟಿ ಹಸದೈತಿ!" ಎಂದು ಕೂಗುತ್ತಿದ್ದ. ತಟ್ಟೆ ಮುಂದೆ ಬಂದರೆ ಮೊದಲು ಬೆಲ್ಲಕ್ಕೆ ಕೈ. "ಸಣ್ಣ ಹುಡುಗ್ರಂಗ! ಮೊದ್ಲು ರೊಟ್ಟಿ ಮುರೀರಿ" ಎಂದು ಅವ್ವ ಅವನ ಕೈಗೆ ಮೆಲ್ಲಗೆ ಹೊಡೆಯುತ್ತಿದ್ದಳು. ಅಪ್ಪ ಬೆಲ್ಲ ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದ.

ಅಜ್ಜಿ ಹೇಳಿದ್ದು ಖರೇ ಇದ್ದರೆ? ಅಪ್ಪ ಇಷ್ಟು ವರ್ಷ ಹಸಿದುಕೊಂಡೇ ಇದ್ದರೆ? ಮತ್ತೆ ನಾನು ಕಲ್ಲು ಹೊಡೆಯುತ್ತಾ ಕೂತಿದ್ದೇನಲ್ಲ!

ಅವಳ ಕೈಯಿಂದ ಕಲ್ಲುಗಳು ಉದುರಿದವು. ಅಳು ತಡೆಯಲಿಲ್ಲ. ಹಿಂದಕ್ಕೆ ಸರಿದು ಮರಕ್ಕೆ ಒರಗಿ ಕೂತಳು.

"ಬಾ" ಎಂದಳು. "ನಾ ಹೊಡಿಯಂಗಿಲ್ಲ. ಉಣ್ಣು ಬಾ."

ಕಾಗೆಗೆ ನಂಬಿಕೆ ಬರಲಿಲ್ಲ. ಬಹಳ ಹೊತ್ತು ಹಾಗೇ ಕೂತಿತ್ತು. ಆಮೇಲೆ ಕುಪ್ಪಳಿಸುತ್ತ ಬಂದು ಎಲೆಯ ಸುತ್ತ ಒಂದು ಸಲ ತಿರುಗಿತು. ರೊಟ್ಟಿಯನ್ನು ಬಿಟ್ಟು ಬೆಲ್ಲಕ್ಕೆ ಕೊಕ್ಕು ಹಾಕಿತು.

ಜಡೆಮ್ಮ ಆಗ ಸಮುದ್ರವನ್ನು ನೋಡಿದಳು. ಕಣ್ಣು ಹಾಯಿಸಿದಷ್ಟು ದೂರವೂ ಒಂದು ಹಡಗಿರಲಿಲ್ಲ.

ಬಳ್ಳಾರಿಯಲ್ಲಿ ಮನೆ ಮುಟ್ಟಿದಾಗ ಅಜ್ಜಿ ಬಾಗಿಲಲ್ಲೇ ಕೂತಿದ್ದಳು. "ಕಾಗಿ ಮುಟ್ಟಿತೇನವಾ?"

"ಎಲ್ಲಿ ಮುಟ್ಟತೈತಿ?" ಒಳಗಿನಿಂದ ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. "ಹೇಳು ಜಡೀ. ಮುಟ್ಟಿಲ್ಲ ಅಲ್ಲ?"

ಇಲ್ಲ ಅಂದುಬಿಡಬಹುದಿತ್ತು. ಕಾಗೆ ಮುಟ್ಟಿದ್ದನ್ನು ಅವಳ ಹೊರತು ಯಾರೂ ನೋಡಿರಲಿಲ್ಲ. ಜಡೆಮ್ಮ ಅವ್ವನ ಬಳೆ ನೋಡಿದಳು, ಅಜ್ಜಿಯ ಮುಖ ನೋಡಿದಳು.

"ಮೊದ್ಲು ಬೆಲ್ಲ ತಿಂತವ್ವಾ" ಎಂದಳು.

ಅವ್ವ ನಿಂತಲ್ಲೇ ಕುಸಿದು ಕೂತಳು. ಅಜ್ಜಿ ತೆವಳಿಕೊಂಡು ಹೋಗಿ ಸೊಸೆಯನ್ನು ತಬ್ಬಿಕೊಂಡಳು. ಇಷ್ಟು ವರ್ಷ ಜಗಳ ಆಡಿದ ಇಬ್ಬರೂ ಒಂದೇ ದನಿಯಲ್ಲಿ ಅತ್ತರು.

ಮರುದಿನ ಬೆಳಿಗ್ಗೆ ಜಡೆಮ್ಮನಿಗೆ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ತಟ್ ತಟ್ ಎಂಬ ಸದ್ದು ಮಾತ್ರ. ಗಲ್ ಗಲ್ ಇರಲಿಲ್ಲ. ಅವಳು ಎದ್ದು ಹೋಗಿ ಅವ್ವನಿಗೆ ಒತ್ತಿಕೊಂಡು ಕೂತಳು.

ಮೊದಲ ರೊಟ್ಟಿ ಬೆಂದಿತು. ಅದನ್ನು ಮುಚ್ಚಿಡಲು ಹೋದ ಅವ್ವನ ಕೈ ನಿಂತಿತು. ಆಮೇಲೆ ಅದನ್ನು ಜಡೆಮ್ಮನ ತಟ್ಟೆಗೆ ಹಾಕಿದಳು. ಪಕ್ಕದಲ್ಲಿ ಒಂದು ಚೂರು ಬೆಲ್ಲ ಇಟ್ಟಳು.

ಜಡೆಮ್ಮ ಮೊದಲು ಬೆಲ್ಲ ತೆಗೆದುಕೊಂಡಳು. ಅವ್ವ ನೋಡಿದಳು, ಬೈಯಲಿಲ್ಲ.