ಹರಿವಾಣದ ಸದ್ದು

ಹಿತ್ತಾಳೆಯ ಹರಿವಾಣ ತೊಡೆಯ ಮೇಲಿತ್ತು. ಬಲಗೈ ಅದರ ಅಂಚಿನಿಂದ ಒಂದು ಗೇಣು ಮೇಲೆ ನಿಂತುಬಿಟ್ಟಿತ್ತು. ಆ ಕೈಯನ್ನು ಇಳಿಸುವುದೋ, ಸೆರಗಿನೊಳಗೆ ಎಳೆದುಕೊಳ್ಳುವುದೋ ತಿಳಿಯದೆ ಹರಿಣಾಕ್ಷಿಯಮ್ಮ ಕುಳಿತಿದ್ದರು. ಎದುರಿಗೆ, ದೇವರ ಗೂಡಿನ ಪಕ್ಕ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮಗ ಪೃಥ್ವಿರಾಜ್ ಕಾಗದ ಹಿಡಿದು ಓದುತ್ತಿದ್ದ.

"ನಮ್ಮ ಸಂಘದ ಮುದ್ರೆ ಇರುವ ಆಟದಿಂದ ಇಂದಿನವರೆಗೆ ಒಂದೇ ಒಂದು ಮನೆಯೂ ಕೆಟ್ಟಿಲ್ಲ..."

ಸುಳ್ಳು! ಅಯ್ಯೋ ದೇವರೇ, ನನ್ನ ಮಗನ ಬಾಯಲ್ಲಿ ಸುಳ್ಳು! ಅದು ಸುಳ್ಳೆಂದು ಪಾಪ, ಅವನಿಗೇ ಗೊತ್ತಿಲ್ಲ...

ಹರಿಣಾಕ್ಷಿಯಮ್ಮ ಪದ್ಯ ಕೇಳುತ್ತಲೇ ಬೆಳೆದವರು. ಉಡುಪಿಯ ಕಡೆಯ ತವರುಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಪದ್ಯ ಹೇಳಬೇಕು, ಮಕ್ಕಳು ಸುಮ್ಮನೆ ಕೇಳಬೇಕು. ಮದುವೆಯಾಗಿ ಮರಾಠಿ ಸೀಮೆಯ ಕಳವಾ ಪಟ್ಟಣದ ಈ ಎರಡು ಕೋಣೆಯ ಮನೆಗೆ ಬಂದ ಮೇಲೂ ಅವರು ಆ ಪಾಠ ಬಿಡಲಿಲ್ಲ. ಐದು ವರ್ಷದ ಪೃಥ್ವಿಯನ್ನು ಎದುರು ನಿಲ್ಲಿಸಿ ಪದ್ಯ ಹೇಳಿಸುವರು. ತಪ್ಪಿದರೆ ಬೈಯುತ್ತಿರಲಿಲ್ಲ. ಕೈಯ ಚಿನ್ನದ ಬಳೆಯನ್ನು ಹರಿವಾಣದ ಅಂಚಿಗೆ ತಾಗಿಸುವರು, ಅಷ್ಟೇ. ಠಣ್! ಹುಡುಗ ತಲೆ ಕೆರೆದುಕೊಂಡು ಮೊದಲಿನಿಂದ ಶುರು ಮಾಡಬೇಕು.

ಈಗ ಅವನಿಗೆ ಮೂವತ್ತಾರು. ಫೋನಿನಲ್ಲಿ ಹಣವಿಟ್ಟು ಇಸ್ಪೀಟು ಆಡಿಸುವ ಕಂಪೆನಿಗಳ ಸಂಘವೊಂದರಲ್ಲಿ ಕೆಲಸ. ಅಂಥ ಆಟಗಳಿಗೆ ಕಡಿವಾಣ ಹಾಕಬೇಕೇ ಎಂದು ವಿಚಾರಿಸಲು ಸರ್ಕಾರದ ಸಮಿತಿ ಅಂದು ಮಧ್ಯಾಹ್ನ ಸೇರುವುದಿತ್ತು. ಸಂಘದ ಪರವಾಗಿ ಮಾತಾಡುವವನು ಪೃಥ್ವಿ. ಹೊರಗೆ ಆಡುವ ಮಾತನ್ನು ಮೊದಲು ಅಮ್ಮನೆದುರು ಒಪ್ಪಿಸದೆ ಹೋದವನೇ ಅಲ್ಲ ಅವನು.

ಸುಮ್ಮನಿದ್ದರೆ ಈ ಬೆಳಗು ಕಳೆದುಹೋಗುತ್ತದೆ. ಮಗ ಮೆಚ್ಚುಗೆ ಗಳಿಸಿ ಬರುತ್ತಾನೆ. ತನ್ನ ಮಾನವೂ ಉಳಿಯುತ್ತದೆ. ಆದರೆ ತಪ್ಪಿದ ಸಾಲನ್ನು ತನ್ನ ಕಿವಿ ಇಂದಿನವರೆಗೆ ದಾಟಲು ಬಿಟ್ಟದ್ದಿಲ್ಲವಲ್ಲ! ಕೈ ತಾನಾಗಿ ಇಳಿಯಿತು.

ಟಕ್.

"ಎಲ್ಲಿ ತಪ್ಪಿತಮ್ಮ? ಸರಿಯಾಗೇ ಉಂಟಲ್ಲ..." ಪೃಥ್ವಿ ಅಭ್ಯಾಸದಂತೆ ಕಾಗದವನ್ನೇ ನೋಡಿದ. ಮರುಕ್ಷಣ ತಲೆಯೆತ್ತಿದ. "ಇದೆಂಥ ಸದ್ದು? ಅಮ್ಮ... ಬಳೆ ಎಲ್ಲಿ?"

ಇಷ್ಟು ದಿನ ಸೆರಗಿನಡಿ ಅಡಗಿದ್ದ ಬರಿಗೈ ಹರಿವಾಣದ ಮೇಲೆ ಬೆತ್ತಲಾಗಿ ಬಿದ್ದಿತ್ತು.

"ಹೋಯಿತು ಮಗಾ... ಎರಡೂ. ನಿನ್ನ ಮುದ್ರೆ ಇರುವ ರಮ್ಮಿ ಆಡಿ ಕಳೆದೆ."

"ನೀನಾ! ಲಾಟರಿ ಟಿಕೆಟ್ ಮನೆಯೊಳಗೆ ತರಬೇಡ ಅಂತ ಅಪ್ಪನಿಗೆ ಜೋರು ಮಾಡಿದವಳು ನೀನಾ?"

"ನಾನು ಜೂಜು ಅಂತ ಆಡಿದ್ದಾ?" ಹರಿಣಾಕ್ಷಿಯಮ್ಮನ ದನಿ ಒಡೆಯಿತು. "ಮಾಜಿವಾಡಾದಲ್ಲಿ ನಿನ್ನ ಅಪ್ಪ ಕ್ಯಾಂಟೀನ್ ನಡೆಸುವಾಗ, ಊರಿನವರು ಹಸಿವಿಲ್ಲದಿದ್ದರೂ ಒಳಗೆ ಬಂದು ಅರ್ಧ ಚಾ ಕುಡಿದೇ ಮುಂದೆ ಹೋಗ್ತಿದ್ದರು. ನಮ್ಮವರ ವ್ಯಾಪಾರ ಅಲ್ವಾ, ದಾಟಿ ಹೋಗುವುದು ಹೇಗೆ ಅಂತ. ಇದು ನನ್ನ ಮಗನದ್ದು... ದಿನಕ್ಕೊಂದು ಆಟ ಆಡಿದರೆ ನಿನಗೆ ಒಳ್ಳೆಯದಾದೀತು ಅಂತ ಕೂತೆ. ಆಮೇಲೆ ಏಳಲಿಕ್ಕೇ ಆಗಲಿಲ್ಲ ಮಗಾ..."

ಪೃಥ್ವಿ ಗೋಡೆಗೆ ಒರಗಿದ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಅಶ್ಮಿತಾ ದೋಸೆ ಮಗುಚುವ ಸಟ್ಟುಗ ಹಿಡಿದು ನಿಂತಿದ್ದಳು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಶುರು ಮಾಡಿದರೆ ಹಿಂದಿ ತಾನೇ ಜೊತೆಗೆ ಬರುತ್ತಿತ್ತು.

"ನಿನಗೆ ಗೊತ್ತಿತ್ತಾ?"

"ಹಾಂ, ಗೊತ್ತಿತ್ತು. ಚಿಲ್ಲಾವೋ ಮತ್, ಕೂಗಬೇಡಿ!" ಅವಳ ಕಣ್ಣು ತುಂಬಿತ್ತು. "ನಿಮ್ಮದೇ ಪಾಂಪ್ಲೆಟ್ ಹಿಂದೆ ಹೆಲ್ಪ್‌ಲೈನ್ ನಂಬರ್ ಉಂಟಲ್ಲ? ಇತ್ನಾ ಬಾರೀಕ್, ಇಷ್ಟು ಸಣ್ಣ ಅಕ್ಷರ, ಅತ್ತೆಯ ಕನ್ನಡಕ ಹಾಕಿ ಓದಿದೆ. ಘಣಸೋಲಿಯಲ್ಲಿ ಒಂದು ಹಾಲ್ ಉಂಟು. ಆಟಕ್ಕೆ ಸಿಕ್ಕಿಬಿದ್ದವರು ಗುರುವಾರ ಸೇರ್ತಾರೆ. ನಾವು ಭಜನೆಗೆ ಅಂತ ಹೋಗ್ತಿದ್ದದ್ದು ಅಲ್ಲಿಗೇ. ಅತ್ತೆ ತಾವೇ ಹೇಳುವ ದಿನ ಬರ್ತದೆ, ಅಲ್ಲಿವರೆಗೆ ನೀನು ಬಾಯಿ ಬಿಡಬೇಡ ಅಂತ ಅಲ್ಲಿ ಸಭೆ ನಡೆಸುವ ಶ್ರದ್ಧಾತಾಯಿ ಹೇಳಿದ್ದರು."

"ಅಲ್ಲಿ... ಎಂತ ಮಾಡ್ತಾರೆ?"

"ಕೇಳ್ತಾರೆ," ಎಂದರು ಹರಿಣಾಕ್ಷಿಯಮ್ಮ ಮೆಲ್ಲಗೆ. "ಒಬ್ಬರು ಹೇಳುವುದು, ಉಳಿದವರು ಕೇಳುವುದು. ಅಲ್ಲಿ ಯಾರೂ ಹರಿವಾಣ ಬಡಿಯುವುದಿಲ್ಲ ಮಗಾ." ಅವರು ಸೊಸೆಯತ್ತ ಕೈ ಚಾಚಿದರು. "ಸಾರಿಗೆ ಉಪ್ಪಿಲ್ಲ ಅಂತ ಇವಳನ್ನು ಬಂದವರೆದುರೆಲ್ಲ ಎಷ್ಟು ಆಡಿಕೊಂಡೆ! ಆ ಕಂಪೆನಿಗೆ ಬರೆದು ನನ್ನ ಖಾತೆ ಮುಚ್ಚಿಸಿದ್ದು ಇವಳು. ನನ್ನ ಮಾನ ಕಾದದ್ದು ಇವಳು..."

"ಉಪ್ಪು ಈಗಲೂ ಕಮ್ಮಿಯೇ ಹಾಕ್ತೇನೆ ಅತ್ತೆ. ನಿಮ್ಮ ಬಿಪಿ ನೋಡಿದ್ದೀರಾ?"

ಅಳುವಿನ ನಡುವೆಯೇ ಅತ್ತೆಗೆ ನಗು ಬಂತು. ಪೃಥ್ವಿಗೆ ಬರಲಿಲ್ಲ. ಅವನು ಅಮ್ಮನ ಕಾಲ ಬಳಿ ಕುಸಿದು ಕುಳಿತ.

"ಆ ಮುದ್ರೆಯ ಚಿತ್ರ ನಾನೇ ಬಿಡಿಸಿದ್ದು ಅಮ್ಮ. ಈ ಗೂಡಿನ ದೀಪ ನೋಡಿ ಬಿಡಿಸಿದ್ದು. ಜನ ನಂಬಲಿ ಅಂತ... ಎಲ್ಲರಿಗಿಂತ ಮೊದಲು ನೀನು ನಂಬಿಬಿಟ್ಟೆ!" ಅವನು ಮುಖ ಮುಚ್ಚಿಕೊಂಡ. "ನಾನು ಇವತ್ತು ಹೋಗುವುದಿಲ್ಲ. ಜ್ವರ ಅಂತ ಹೇಳ್ತೇನೆ."

"ಆಗ ಇನ್ನೊಬ್ಬ ಹೋಗಿ ಇದನ್ನೇ ಓದ್ತಾನೆ." ಹರಿಣಾಕ್ಷಿಯಮ್ಮ ಅವನ ತಲೆಗೂದಲಲ್ಲಿ ಬೆರಳಾಡಿಸಿದರು. "ತಪ್ಪಿದರೆ ಎಂತ ಮಾಡಬೇಕು? ಮರೆತೆಯಾ?"

"...ಮೊದಲಿನಿಂದ ಹೇಳಬೇಕು."

"ಹಾಂ. ಹೇಳು."

"ಸಂಘದವರು ಸಂಜೆಯೊಳಗೆ ಕೆಲಸದಿಂದ ತೆಗೀತಾರೆ ಅಮ್ಮ."

ಕಿಟಕಿಯಾಚೆ ಲೋಕಲ್ ರೈಲೊಂದು ಸದ್ದು ಮಾಡುತ್ತ ಹೋಯಿತು.

"ತೆಗೀಲಿ," ಎಂದಳು ಅಶ್ಮಿತಾ. "ನನ್ನ ನೌಕರಿ ಉಂಟಲ್ಲ. ಆರು ತಿಂಗಳು ಎಲ್ಲರೂ ನನ್ನ ಸಾರೇ ಕುಡಿಯಿರಿ!"

ಪೃಥ್ವಿ ಕಾಗದವನ್ನು ನಾಲ್ಕಾಗಿ ಮಡಚಿದ. "ನಿನ್ನ ಹೆಸರು ಎತ್ತುವುದಿಲ್ಲ ಅಮ್ಮ. ಯಾರೋ ಒಬ್ಬ ತಾಯಿ ಅಂತ ಹೇಳ್ತೇನೆ."

ಕನ್ನಡ ಸಂಘದ ಹೆಂಗಸರು, ಇದೇ ಕಟ್ಟಡದ ಮೂರು ಮಹಡಿ, ಊರಿನ ತಮ್ಮಂದಿರು... ಎಲ್ಲರ ಮುಖವೂ ಒಮ್ಮೆ ಹರಿಣಾಕ್ಷಿಯಮ್ಮನ ಕಣ್ಣೆದುರು ಸುಳಿಯಿತು. ಎಷ್ಟು ಜೋಪಾನ ಮಾಡಿದ ಮರ್ಯಾದೆ! ಅವರು ಸೆರಗನ್ನು ಭುಜದ ಮೇಲಕ್ಕೆ ಸರಿಸಿದರು. ಬರಿಗೈ ಪೂರ್ತಿ ಕಾಣಿಸಿತು.

"ಯಾರೋ ಒಬ್ಬಳು ಅಂದರೆ ಅವರ ಕಿವಿಗೆ ತಾಗುವುದಿಲ್ಲ ಮಗಾ. ನನ್ನ ಹೆಸರೇ ಹೇಳು."

ಪೃಥ್ವಿ ಎದ್ದ. ದೇವರ ಗೂಡಿನ ಪಕ್ಕ, ಐದು ವರ್ಷದವನಿದ್ದಾಗ ನಿಲ್ಲುತ್ತಿದ್ದ ಜಾಗದಲ್ಲೇ ನಿಂತ. ಕೈಯಲ್ಲಿ ಕಾಗದವಿರಲಿಲ್ಲ.

"ಮಾನ್ಯರೇ, ನನ್ನ ತಾಯಿಯ ಹೆಸರು ಹರಿಣಾಕ್ಷಿ..."

ಕಾವಲಿಯ ಮೇಲೆ ದೋಸೆ ಸೀದುಹೋಯಿತು. ಅಶ್ಮಿತಾ ಕದಲಲಿಲ್ಲ. ಮಗ ಎರಡು ಕಡೆ ತಡವರಿಸಿದ, ಒಂದು ಸಾಲನ್ನು ಅರ್ಧಕ್ಕೇ ಬಿಟ್ಟ. ಹರಿಣಾಕ್ಷಿಯಮ್ಮ ಕಣ್ಣು ಮುಚ್ಚಿ, ಕೈಯನ್ನು ಹರಿವಾಣದ ಮೇಲಿಟ್ಟು, ಕೊನೆಯ ಸಾಲಿನವರೆಗೂ ಕೇಳಿದರು. ಆ ಕೈ ಒಮ್ಮೆಯೂ ಏಳಲಿಲ್ಲ.